ಒಲೆಯನ್ನೇ ಆರಿಸಹೊರಟವರು

ಈಚೆಗೆ ನಮ್ಮ ವಿದ್ಯಾವಂತರ ಊಟದ ಮನೆಗಳಲ್ಲಿ ಒಂದು ಹೊಸ ಭಯ ಬಂದು ನೆಲೆಸಿದೆ. ಮೊದಲು ತುಪ್ಪಕ್ಕೆ ಅಂಜಿ, ಆಮೇಲೆ ಸಕ್ಕರೆಗೆ ಅಂಜಿ, ಕಡೆಗೆ ಅನ್ನಕ್ಕೂ ಅಂಜುವುದನ್ನು ಅಭ್ಯಾಸಮಾಡಿಕೊಂಡಿದ್ದ ಜನ, ಈಗ ಅವೆಲ್ಲಕ್ಕಿಂತ ಸೂಕ್ಷ್ಮವಾದ, ಕಣ್ಣಿಗೆ ಕಾಣದುದರಿಂದಲೇ ಎಲ್ಲೆಲ್ಲಿಯೂ ಇರಬಹುದಾದ ಒಬ್ಬ ವೈರಿಯನ್ನು ಕಂಡುಕೊಂಡಿದ್ದಾರೆ. ಅವನ ಹೆಸರು ಉರಿಯೂತ. ಅವರ ಬಾಯಿಯಲ್ಲಿ ಇನ್‌ಫ್ಲಮೇಷನ್. ಮಂಡಿಯ ನೋವಿಗೂ ಮುಪ್ಪಿನ ಮರೆವಿಗೂ, ಮುಖದ ಮೊಡವೆಗೂ ಮನಸ್ಸಿನ ಖಿನ್ನತೆಗೂ, ಹೊಟ್ಟೆಯ ಉಬ್ಬರಕ್ಕೂ ಹೃದಯದ ಆಘಾತಕ್ಕೂ ಇದೊಂದೇ ಮೂಲವೆಂದೂ, ದೇಹದ ಒಳಗೆ ಸದಾ ಹೊಗೆಯಾಡುತ್ತಿರುವ ಈ ಬೆಂಕಿಯನ್ನು ಆರಿಸಿಕೊಂಡವನೇ ಆರೋಗ್ಯವಂತನೆಂದೂ, ಪತ್ರಿಕೆಯ ಆರೋಗ್ಯಪುಟದಿಂದ ಹಿಡಿದು ವ್ಯಾಯಾಮಶಾಲೆಯ ಗುರುವಿನವರೆಗೆ ಎಲ್ಲರೂ ಒಂದೇ ಕಂಠದಿಂದ ಬೋಧಿಸುತ್ತಿದ್ದಾರೆ. ಈ ಮತವನ್ನು ನಾನು ಒಪ್ಪಲಾರೆ.

ಇದರಲ್ಲಿ ಸತ್ಯಾಂಶವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ರಕ್ತನಾಳದ ಗೋಡೆಯಲ್ಲಿ ಕೊಬ್ಬು ಸಂಚಯವಾದೆಡೆಯಲ್ಲಿ ಬಿಳಿಯ ರಕ್ತಕಣಗಳು ಬಂದು ಸೇರುವುದು ನಿಜ. ಆಮವಾತದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿಬಿದ್ದು ಎಲುಬನ್ನು ಸವೆಸುವುದೂ ನಿಜ. ನನ್ನ ಆಕ್ಷೇಪವಿರುವುದು ಈ ಸಂಗತಿಗಳಿಂದ ಎಳೆದು ತಂದ ನಿಗಮನದ ಮೇಲೆ. ಉರಿಯೂತವು ಒಂದು ಕ್ರಿಯೆ. ಅದಕ್ಕೆ ಆದಿಯುಂಟು, ಪರಿಪಾಕವುಂಟು, ಅವಸಾನವುಂಟು. ಆ ಕ್ರಿಯೆಯನ್ನು ಒಂದು ವಸ್ತುವೆಂದು ಕಲ್ಪಿಸಿಕೊಂಡು, ಆ ವಸ್ತುವಿನ ಮೇಲೆ ಶತ್ರುತ್ವವನ್ನು ಆರೋಪಿಸಿ, ಅದು ಕಂಡಲ್ಲೆಲ್ಲ ಅದೇ ರೋಗಕಾರಣವೆಂದು ತೀರ್ಪುಕೊಡುವವರು ಲಿಂಗವನ್ನೂ, ಎಂದರೆ ಗುರುತನ್ನೂ, ಕಾರಣವನ್ನೂ ಒಂದಾಗಿಸುತ್ತಿದ್ದಾರೆ. ಧೂಮವನ್ನು ಕಂಡು ಅಗ್ನಿಯನ್ನು ಊಹಿಸಬಹುದೆಂಬುದು ತರ್ಕಶಾಸ್ತ್ರದ ಮೊದಲ ಪಾಠ. ಧೂಮವನ್ನು ಬೀಸಣಿಗೆಯಿಂದ ಚದುರಿಸಿ ಅಗ್ನಿಯನ್ನು ಆರಿಸಿದೆನೆಂದು ನಂಬುವವನು ಆ ಪಾಠಕ್ಕೇ ಬಂದು ಕುಳಿತವನಲ್ಲ.

ಪದದಿಂದಲೇ ಪ್ರಾರಂಭಿಸೋಣ. ಕ್ರಿಸ್ತಶಕ ಮೊದಲನೆಯ ಶತಮಾನದ ರೋಮನ್ ಗ್ರಂಥಕಾರ ಸೆಲ್ಸಸ್ ಇದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ: ಕೆಂಪು, ಊತ, ಕಾವು, ನೋವು. ಅಂಗವು ತನ್ನ ಕೆಲಸವನ್ನು ಮಾಡಲಾರದೆ ಹೋಗುವುದೆಂಬ ಐದನೆಯ ಲಕ್ಷಣವನ್ನು ಪ್ರಾಚೀನ ವೈದ್ಯ ಗ್ಯಾಲೆನ್ನನ ಹೆಸರಿಗೆ ಕಟ್ಟುವ ವಾಡಿಕೆಯಿದ್ದರೂ ಅದು 19ನೆಯ ಶತಮಾನದ ಜರ್ಮನ್ ವೈದ್ಯ ವಿರ್ಶೋನಿಂದ ಬಂದದ್ದು. ಕನ್ನಡದ ಪದ ಮಾಡಿದವರು ನಾಲ್ಕರಲ್ಲಿ ಎರಡನ್ನು ಆರಿಸಿ, ನಡುವೆ ಒಂದು ಯಕಾರವನ್ನು ತಂದು ‘ಉರಿಯೂತ’ವೆಂದು ಬೆಸೆದರು, ಉರಿ ಎಂಬುದರಲ್ಲಿ ಕಾವೂ ನೋವೂ ಎರಡೂ ಅಡಗಿರುವುದರಿಂದ ಬೆಸುಗೆ ಚೆನ್ನಾಗಿಯೇ ಇದೆ. ಆದರೆ ಲ್ಯಾಟಿನ್ ಪದದ ಮೂಲದಲ್ಲಿರುವುದು ಹೊತ್ತಿಕೊಳ್ಳುವ ಬೆಂಕಿ. ಆ ಚಿತ್ರವನ್ನು ಅಲ್ಲಿಂದ ಇಲ್ಲಿಗೆ ಹೊತ್ತುತಂದವರು, ಬೆಂಕಿಯೆಂದರೆ ಮನೆ ಸುಡುವ ಬೆಂಕಿಯೊಂದೇ ಎಂಬಂತೆ ನೀರಿನ ಕೊಡಗಳನ್ನು ಹೊತ್ತು ಓಡಾಡತೊಡಗಿದರು.

ನಮ್ಮ ಪ್ರಾಚೀನರಿಗೆ ಕಂಡದ್ದು ಬೇರೊಂದು ಬೆಂಕಿ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ವ್ರಣಶೋಫವನ್ನು ಆಮ, ಪಚ್ಯಮಾನ, ಪಕ್ವವೆಂದು ಮೂರು ಅವಸ್ಥೆಗಳಾಗಿ ವಿಂಗಡಿಸಿದೆ. ಎಂದರೆ ಹಸಿಯದು, ಬೇಯುತ್ತಿರುವುದು, ಬೆಂದದ್ದು. ಇದು ಒಲೆಯ ಉರಿ, ಅಡುಗೆಯ ಉರಿ. ಮೊದಲನೆಯದರಲ್ಲಿ ಕಾವು ಅಲ್ಪ, ನೋವು ಅಲ್ಪ; ನಡುವಣದರಲ್ಲಿ ಸೂಜಿ ಚುಚ್ಚಿದಂತೆ, ಇರುವೆ ಮುತ್ತಿದಂತೆ, ಕುಳಿತರೂ ಮಲಗಿದರೂ ನೆಮ್ಮದಿಯಿಲ್ಲ; ಕಡೆಯದರಲ್ಲಿ ನೋವು ಇಳಿದು, ಚರ್ಮ ಸುಕ್ಕಿ, ಬೆರಳಿನಿಂದ ಒತ್ತಿದರೆ ತಗ್ಗು ಬೀಳುತ್ತದೆ. ಹಸಿಯದನ್ನು ಅಜ್ಞಾನದಿಂದ ಕೊಯ್ಯುವ ವೈದ್ಯನನ್ನೂ, ಬೆಂದದ್ದನ್ನು ಉಪೇಕ್ಷಿಸುವ ವೈದ್ಯನನ್ನೂ ಸುಶ್ರುತನು ಒಂದೇ ಕಟುವಾದ ಮಾತಿನಿಂದ ನಿಂದಿಸುತ್ತಾನೆ. ನಮ್ಮ ಹಳ್ಳಿಯ ಮುದುಕಿ ಆ ಗ್ರಂಥವನ್ನು ಓದದಿದ್ದರೂ ‘ಕುರು ಇನ್ನೂ ಹಣ್ಣಾಗಿಲ್ಲ, ಪಟ್ಟು ಹಾಕು’ ಎಂದಾಗ ಅದೇ ಕಾಲಜ್ಞಾನವನ್ನು ನುಡಿಯುತ್ತಿದ್ದಳು. ಇಂದಿನ ಉರಿಯೂತವಾದಿಗಳಲ್ಲಿ ಲೋಪವಾಗಿರುವುದು ಈ ಕಾಲಜ್ಞಾನವೇ.

ಪಾಶ್ಚಾತ್ಯ ವೈದ್ಯವೂ ಈ ತಿಳಿವಳಿಕೆಗೆ ತನ್ನದೇ ದಾರಿಯಿಂದ ಬಂದಿತು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರನ ಮರಣಾನಂತರ 1794ರಲ್ಲಿ ಪ್ರಕಟವಾದ, ರಕ್ತ, ಉರಿಯೂತ ಮತ್ತು ಗುಂಡೇಟಿನ ಗಾಯಗಳನ್ನು ಕುರಿತ ಗ್ರಂಥದಲ್ಲಿ, ಉರಿಯೂತವು ಸ್ವತಃ ರೋಗವಲ್ಲ, ಯಾವುದೋ ಹಿಂಸೆಯ ಅಥವಾ ರೋಗದ ತರುವಾಯ ದೇಹವು ಕೈಗೊಳ್ಳುವ ಹಿತಕರವಾದ ವ್ಯಾಪಾರವೆಂಬ ಅಭಿಪ್ರಾಯವು ಸ್ಪಷ್ಟವಾಗಿ ಮೂಡಿದೆ. 1867ರಲ್ಲಿ ಜರ್ಮನಿಯ ಕೋನ್‌ಹೈಮ್ ಕಪ್ಪೆಯ ಕರುಳಿನ ಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಹರಡಿಕೊಂಡು ಕುಳಿತಾಗ, ರಕ್ತದ ಬಿಳಿಯ ಕಣಗಳು ನಾಳದ ಅಂಚಿಗೆ ಸರಿದು, ಗೋಡೆಗೆ ಅಂಟಿ, ಅದರ ಸಂದಿಯಲ್ಲಿ ನುಸುಳಿ ಹೊರಬರುವುದನ್ನು ಕಣ್ಣಾರೆ ಕಂಡನು. ಕೀವು ಎಂಬುದು ಕೊಳೆತದ್ದಲ್ಲ, ಕಾದಾಡಿ ಸತ್ತದ್ದು ಎಂಬ ಅರಿವಿಗೆ ಅಲ್ಲಿಂದ ದಾರಿಯಾಯಿತು. ಇನ್ನು 1882ರ ಚಳಿಗಾಲದಲ್ಲಿ ಸಿಸಿಲಿಯ ಮೆಸ್ಸೀನದಲ್ಲಿದ್ದ ರಷ್ಯದ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫನ ಕಥೆಯನ್ನು ಹೇಳದಿರುವುದು ನನ್ನಿಂದಾಗದು. ಮನೆಯವರೆಲ್ಲ ಸರ್ಕಸ್ಸಿನ ವಾನರಗಳನ್ನು ನೋಡಲು ಹೋಗಿರಲು, ಒಬ್ಬನೇ ಉಳಿದ ಆತನು ತಿಳಿನೀರಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳನ್ನು ದಿಟ್ಟಿಸುತ್ತ, ಅವುಗಳ ದೇಹದಲ್ಲಿ ಅಲೆದಾಡುವ ಕಣಗಳು ರಕ್ಷಣೆಗಾಗಿಯೇ ಇರಬಹುದೇ ಎಂಬ ಒಂದು ಊಹೆಯಿಂದ ಪುಳಕಿತನಾಗಿ, ತೋಟದ ಗುಲಾಬಿಯ ಮುಳ್ಳುಗಳನ್ನು ಕಿತ್ತು ಆ ಮರಿಗಳಿಗೆ ಚುಚ್ಚಿ ರಾತ್ರಿಯೆಲ್ಲ ನಿದ್ದೆಗೆಟ್ಟನಂತೆ. ಬೆಳಗಾಗುವಷ್ಟರಲ್ಲಿ ಪ್ರತಿಯೊಂದು ಮುಳ್ಳಿನ ಸುತ್ತಲೂ ಕಣಗಳು ಮುತ್ತಿಕೊಂಡಿದ್ದವು. ರಕ್ತನಾಳವೇ ಇಲ್ಲದ, ನೋವಿನ ಮಾತನ್ನು ಆಡಲಾರದ ಜೀವಿಯಲ್ಲಿಯೂ ಉರಿಯೂತದ ಸಾರವಿದೆಯೆಂದಮೇಲೆ ಅದು ರೋಗವಾಗುವುದೆಂತು? ಆ ಮುಳ್ಳಿನಿಂದ ಹೊರಟ ಚಿಂತನಕ್ಕೆ 1908ರಲ್ಲಿ, ಪಾಲ್ ಎರ್ಲಿಕ್‌ನ ಜೊತೆಯಲ್ಲಿ, ನೊಬೆಲ್ ಪಾರಿತೋಷಕವು ಸಂದಿತು.

ಉರಿಯೂತವೇ ಇಲ್ಲದ ದೇಹವು ಹೇಗಿರುತ್ತದೆಂಬುದನ್ನು ಊಹಿಸಬೇಕಾಗಿಲ್ಲ. ಪ್ರಕೃತಿಯೇ ಆ ಕ್ರೂರ ಪ್ರಯೋಗವನ್ನು ಮಾಡಿ ತೋರಿಸಿದೆ. ಬಿಳಿಯ ಕಣಗಳು ನಾಳದ ಗೋಡೆಗೆ ಅಂಟಿಕೊಳ್ಳುವುದಕ್ಕೆ ಬೇಕಾದ ಒಂದು ಪ್ರೋಟೀನು ಹುಟ್ಟಿನಿಂದಲೇ ಇಲ್ಲದ ಕೆಲವು ವಿರಳ ಶಿಶುಗಳಿವೆ. ಅಂತಹ ಮಗುವಿನ ಹೊಕ್ಕುಳಬಳ್ಳಿ ಉದುರುವುದೇ ತಡ. ಗಾಯವಾದರೆ ಕೀವಾಗುವುದಿಲ್ಲ, ಮಾಯುವುದೂ ಇಲ್ಲ. ರಕ್ತವನ್ನು ಪರೀಕ್ಷಿಸಿದರೆ ಬಿಳಿಯ ಕಣಗಳು ತುಂಬಿ ತುಳುಕುತ್ತಿರುತ್ತವೆ, ಆದರೆ ಅವು ಬೀದಿಯಲ್ಲಿಯೇ ಉಳಿದು ಮನೆಯೊಳಗೆ ಕಾಲಿಡಲಾರವು. ಅಸ್ಥಿಮಜ್ಜೆಯ ಕಸಿಯೇ ಆ ಮಗುವಿಗೆ ಮುಖ್ಯ ಆಸರೆ. ಉರಿಯೂತದಿಂದ ಸಂಪೂರ್ಣ ಮುಕ್ತಿಯನ್ನು ಬಯಸುವವರು, ತಾವು ಬಯಸುತ್ತಿರುವ ಸ್ಥಿತಿಯ ಹೆಸರು ಇದೆಂದು ತಿಳಿದಿರಬೇಕು.

ಕೊನೆಗಾಣುವುದು ಕೂಡ ಈ ಕ್ರಿಯೆಯದೇ ಒಂದು ಅಂಗ. ಸೌದೆ ತೀರಿದಾಗ ಬೆಂಕಿ ಆರುವಂತೆ ಉರಿಯೂತವು ತಾನಾಗಿ ಆರುವುದೆಂದು ಬಹುಕಾಲ ನಂಬಿದ್ದರು. 1984ರಿಂದೀಚೆಗೆ ಚಾರ್ಲ್ಸ್ ಸೆರ್ಹಾನ್ ಮೊದಲಾದವರ ಸಂಶೋಧನೆಯಿಂದ, ನಿಲ್ಲಿಸುವ ಆಜ್ಞೆಯನ್ನೂ ದೇಹವು ಪ್ರತ್ಯೇಕವಾದ ರಸಗಳನ್ನು ಉತ್ಪಾದಿಸಿ ಕೊಡುತ್ತದೆಂದೂ, ಆ ರಸಗಳ ಉತ್ಪಾದನೆಗೆ ಕೆಲವೊಮ್ಮೆ ಪ್ರಾರಂಭದ ರಸಗಳೇ ಪ್ರೇರಕವೆಂದೂ ತಿಳಿದುಬಂದಿದೆ. ಆದುದರಿಂದ ಪ್ರಾರಂಭವನ್ನೇ ತಡೆದರೆ ಮುಕ್ತಾಯವೂ ಕೆಡಬಹುದು; ಒಗ್ಗರಣೆ ಸಿಡಿಯುವ ಮುನ್ನವೇ ಬಾಣಲೆಯನ್ನು ಇಳಿಸಿದರೆ ಪದಾರ್ಥ ಹಸಿಯಾಗಿಯೇ ಉಳಿಯುತ್ತದೆ.

ಇನ್ನು ರೋಗನಾಮಗಳ ವಿಚಾರ. ಇಂದಿನ ಭ್ರಾಂತಿಯ ಅರ್ಧಕ್ಕೆ ಈ ಹೆಸರುಗಳೇ ಹೊಣೆಯೆಂದು ನನ್ನ ಅಭಿಪ್ರಾಯ. ‘ಐಟಿಸ್’ ಎಂಬ ಬಾಲವುಳ್ಳ ಹೆಸರನ್ನು ಕೇಳಿದೊಡನೆಯೇ ಇದು ಉರಿಯೂತದ ರೋಗವೆಂದು ನಿಶ್ಚಯಿಸುವುದು ರೂಢಿ. ಆದರೆ ಮೂಲದಲ್ಲಿ ಅದು ಗ್ರೀಕರ ಒಂದು ಪ್ರತ್ಯಯ. ನಮ್ಮ ವೈಯಾಕರಣರಾಗಿದ್ದರೆ ತದ್ಧಿತವೆನ್ನುತ್ತಿದ್ದರು. ‘ಸಂಬಂಧಪಟ್ಟದ್ದು’ ಎಂಬಷ್ಟೇ ಅದರ ಅರ್ಥ. ಆರ್ಥ್ರೈಟಿಸ್ ಎಂದರೆ ಕೀಲಿಗೆ ಸಂಬಂಧಪಟ್ಟದ್ದು, ನೆಫ್ರೈಟಿಸ್ ಎಂದರೆ ಮೂತ್ರಪಿಂಡಕ್ಕೆ ಸಂಬಂಧಪಟ್ಟದ್ದು. ‘ರೋಗ’ವೆಂಬ ವಿಶೇಷ್ಯವನ್ನು ಕೇಳುವವನು ಅಧ್ಯಾಹಾರ ಮಾಡಿಕೊಳ್ಳುತ್ತಿದ್ದ. ಆ ಪ್ರತ್ಯಯಕ್ಕೆ ಉರಿಯೂತದ ಅರ್ಥವು ಬಂದು ಸೇರಿದ್ದು ಬಹಳ ತಡವಾಗಿ. ಆದುದರಿಂದ ಹೆಸರಿನ ಬಾಲವನ್ನು ಹಿಡಿದು ರೋಗದ ತಲೆಯನ್ನು ಮುಟ್ಟುತ್ತೇನೆನ್ನುವುದು ಸಾಹಸದ ಮಾತು.

ಹೆಸರು ಸರಿಯಾದಲ್ಲಿ ಚಿಕಿತ್ಸೆಯೂ ಸರಿಯಾದೀತೆಂಬುದಕ್ಕೆ ನಿದರ್ಶನವಿಲ್ಲದಿಲ್ಲ. ಬಲಗಡೆಯ ಕಿಬ್ಬೊಟ್ಟೆಯ ನೋವು ಮತ್ತು ಕೀವನ್ನು ದೊಡ್ಡಕರುಳಿನ ಮೊದಲ ಭಾಗದ ಸುತ್ತಲಿನ ಊತವೆಂಬರ್ಥದ ಹೆಸರಿನಿಂದ ಕರೆಯುತ್ತಿದ್ದಷ್ಟು ಕಾಲ ವೈದ್ಯರು ಅಫೀಮು ಕೊಟ್ಟು ಕಾದು ಕುಳಿತರು. 1886ರಲ್ಲಿ ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಸ್, ತಪ್ಪಿತಸ್ಥನು ಕರುಳಲ್ಲ, ಕರುಳಿಗೆ ನೇತಾಡುವ ಬಾಲವೆಂದು ತೋರಿಸಿ ಅಪೆಂಡಿಸೈಟಿಸ್ ಎಂಬ ಹೆಸರನ್ನಿಟ್ಟ ಮೇಲೆಯೇ ಬೇಗನೆ ಕೊಯ್ದು ತೆಗೆಯುವ ಕ್ರಮ ಬಂದದ್ದು. ಆದರೂ 1902ರ ಜೂನ್ ತಿಂಗಳಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕ ಇನ್ನೆರಡು ದಿನಗಳಿವೆಯೆನ್ನುವಾಗ ಅದೇ ರೋಗ ಉಲ್ಬಣಿಸಿದಾಗ, ಅರಮನೆಯ ಪ್ರಕಟಣೆಯಲ್ಲಿ ಕಾಣಿಸಿದ್ದು ಹಳೆಯ ಹೆಸರೇ. ಅರಸನ ರೋಗಕ್ಕೆ ಅಮೆರಿಕದ ಹೆಸರು ಹೊಂದದೆಂದು ತೋರಿತೋ ಏನೋ! ಟ್ರೀವ್ಸ್ ಎಂಬ ಶಸ್ತ್ರವೈದ್ಯ ಕೀವನ್ನು ಹೊರಹರಿಸಿ ಅರಸನನ್ನು ಉಳಿಸಿದ; ಪಟ್ಟಾಭಿಷೇಕವು ಆಗಸ್ಟಿನಲ್ಲಿ ನಡೆಯಿತು.

ಅಪೆಂಡಿಸೈಟಿಸ್ ಎಂಬುದು ನಿಜನಾಮವಾದರೆ ಟೆಂಡನೈಟಿಸ್ ಎಂಬುದು ಹಲವೊಮ್ಮೆ ಸುಳ್ಳುನಾಮ. ಬಟ್ಟೆ ಹಿಂಡುವ ಗೃಹಿಣಿಗೂ ಬರುವ, ಟೆನಿಸ್ ಎಲ್ಬೋ ಎಂಬ ಶ್ರೀಮಂತ ಬಿರುದಿನ, ಮೊಣಕೈಯ ಹಳೆಯ ನೋವಿನಲ್ಲಿ ಸ್ನಾಯುರಜ್ಜುವಿನ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಾಣುವುದು ಎಳೆಗಳ ಶಿಥಿಲತೆ ಮತ್ತು ಅಸ್ತವ್ಯಸ್ತತೆ. ಉರಿಯೂತದ ಕಣಗಳು ಬಹುಮಟ್ಟಿಗೆ ಅಲ್ಲಿರುವುದಿಲ್ಲ. ಆದರೂ ಹೆಸರನ್ನು ನಂಬಿ ಸ್ಟೆರಾಯ್ಡ್ ಚುಚ್ಚುತ್ತಾರೆ. ಕೆಲವು ವಾರ ಅದ್ಭುತವಾದ ಸುಖ. ವರ್ಷದ ಕೊನೆಗೆ ಎಣಿಸಿ ನೋಡಿದರೆ ಚುಚ್ಚಿಸಿಕೊಳ್ಳದವರೇ ಮೇಲು. ಹಾಗೆಯೇ ವಯಸ್ಸಾದವರ ಮಂಡಿ ಸವೆತಕ್ಕೂ, ಮೂವತ್ತರ ತರುಣಿಯ ಎರಡೂ ಕೈಗಳ ಸಣ್ಣ ಗಿಣ್ಣುಗಳು ಬೆಳಗ್ಗೆ ಗಂಟೆಗಟ್ಟಲೆ ಬಿಗಿದುಕೊಳ್ಳುವ ರೋಗಕ್ಕೂ ಇಂಗ್ಲಿಷಿನಲ್ಲಿ ಆರ್ಥ್ರೈಟಿಸ್ ಎಂದೇ ಹೆಸರು, ಕನ್ನಡದಲ್ಲಿ ಕೀಲುವಾಯು ಎಂದೇ ಹೆಸರು. ಮೊದಲನೆಯದರಲ್ಲಿ ಉರಿಯೂತವು ಸಹಾಯಕ ಪಾತ್ರ, ತೊಡೆಯ ಮಾಂಸಖಂಡಗಳನ್ನು ಬಲಪಡಿಸಿ ಮೈಭಾರವನ್ನು ಇಳಿಸುವುದು ಮುಖ್ಯ. ಎರಡನೆಯದರಲ್ಲಿ ಅದೇ ನಾಯಕ, ಮೊದಲ ತಿಂಗಳುಗಳಲ್ಲಿಯೇ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟಿನಂತಹ ಔಷಧವನ್ನು ಪ್ರಾರಂಭಿಸದಿದ್ದರೆ ಕೀಲುಗಳು ಶಾಶ್ವತವಾಗಿ ಕೆಡುತ್ತವೆ. ಎರಡಕ್ಕೂ ‘ಇನ್‌ಫ್ಲಮೇಷನ್ ಕಡಿಮೆಮಾಡುವ’ ಒಂದೇ ಕಷಾಯವನ್ನು ಸೂಚಿಸುವವನು ಮುದುಕನಿಗೆ ಹಣವನ್ನಷ್ಟೆ ನಷ್ಟಮಾಡುತ್ತಾನೆ. ತರುಣಿಗೆ ಕೈಯನ್ನೇ ನಷ್ಟಮಾಡುತ್ತಾನೆ.

ಸೋಂಕು ಬೇರೆ, ಉರಿಯೂತ ಬೇರೆ ಎಂಬ ಪ್ರಾಥಮಿಕ ಭೇದವನ್ನೂ ನಾವು ಕಳೆದುಕೊಳ್ಳುತ್ತಿದ್ದೇವೆ. ಊದಿಕೊಂಡದ್ದಕ್ಕೆಲ್ಲ ಆಂಟಿಬಯಾಟಿಕ್ ನುಂಗುವುದು ಒಂದು ತುದಿಯಾದರೆ, ಸೋಂಕಿನಿಂದ ಆದುದನ್ನು ಉರಿಯೂತವೆಂದು ಅಡಗಿಸುವುದು ಇನ್ನೊಂದು ತುದಿ. ಎರಡನೆಯದು ನಮ್ಮ ದೇಶದಲ್ಲಿ ಹೆಚ್ಚು ಘೋರ. ಕರುಳಿನಲ್ಲಿ ಹುಣ್ಣುಗಳಾಗುವ ಕ್ರೋನ್ ರೋಗವೂ ಕರುಳಿನ ಕ್ಷಯವೂ ದರ್ಶಕನಾಳದ ಕಣ್ಣಿಗೆ ಅವಳಿಜವಳಿಗಳಂತೆ ಕಾಣುವುದರಿಂದ ಭಾರತೀಯ ವೈದ್ಯನಿಗೆ ಇವುಗಳನ್ನು ಬೇರ್ಪಡಿಸುವುದು ನಿತ್ಯದ ಕಷ್ಟ. ಮೊದಲನೆಯದಕ್ಕೆ ಕೊಡುವ ಸ್ಟೆರಾಯ್ಡ್ ಎರಡನೆಯದಕ್ಕೆ ಬಿದ್ದರೆ ಕ್ಷಯಕ್ಕೆ ಬಾಗಿಲು ತೆರೆದಂತೆಯೇ.

ಉರಿಯನ್ನು ಆರಿಸುವವರ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್, ಆಮವಾತದಿಂದ ಹಾಸಿಗೆ ಹಿಡಿದಿದ್ದ ಒಬ್ಬ ಯುವತಿಗೆ ಮುಂದೆ ಕಾರ್ಟಿಸೋನ್ ಎಂದು ಪ್ರಸಿದ್ಧವಾದ ರಸವನ್ನು ಚುಚ್ಚಿದಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳು. ಎರಡೇ ವರ್ಷಗಳಲ್ಲಿ ನೊಬೆಲ್ ಬಂದಿತು. ಅದರ ಬೆನ್ನಿಗೇ ಚಂದ್ರನಂತೆ ಊದಿದ ಮುಖ, ಟೊಳ್ಳಾದ ಎಲುಬು, ಕೆರಳಿದ ಸಕ್ಕರೆ ರೋಗ, ಮರಳಿ ತಲೆಯೆತ್ತಿದ ಕ್ಷಯ ಎಲ್ಲವೂ ಬಂದವು. ಸಮರ್ಥ ವೈದ್ಯನ ಕೈಯಲ್ಲಿ ಅದು ಇಂದಿಗೂ ಪ್ರಾಣದಾಯಕ. ಚೀಟಿಯಿಲ್ಲದ ಪೊಟ್ಟಣದಲ್ಲಿ ‘ನೋವಿನ ಪುಡಿ’ಯಾಗಿ ಸಂತೆಯಲ್ಲಿ ಸಿಕ್ಕಾಗ ಅದರಷ್ಟು ಸಿಹಿಯಾದ ವಿಷವಿಲ್ಲ. ನೋವಿನ ಗುಳಿಗೆಗಳ ಗತಿಯೂ ಇದೇ. ಆಸ್ಪಿರಿನ್ ಏಕೆ ಕೆಲಸಮಾಡುವುದೆಂಬುದನ್ನು 1971ರಲ್ಲಿ ಜಾನ್ ವೇನ್ ಬಿಡಿಸಿದ ಮೇಲೆ, ಹೊಟ್ಟೆಗೆ ಹುಣ್ಣಾಗದಂತೆ ಉರಿಯನ್ನು ಮಾತ್ರ ಆರಿಸುವ ಗುಳಿಗೆಯೆಂಬ ಹೊಗಳಿಕೆಯೊಡನೆ 1999ರಲ್ಲಿ ಬಂದ ವಯಾಕ್ಸ್, ಹೃದಯಾಘಾತಗಳನ್ನು ಹೆಚ್ಚಿಸಿ 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಸರಿಯಿತು. ದನಗಳ ಊತಕ್ಕೆಂದು ಕೊಟ್ಟ ಡೈಕ್ಲೋಫೆನಾಕ್ ಆ ದನಗಳ ಹೆಣವನ್ನು ತಿಂದ ರಣಹದ್ದುಗಳ ಮೂತ್ರಪಿಂಡವನ್ನು ಸುಟ್ಟು, ಒಂದು ದಶಕದಲ್ಲಿಯೇ ಭಾರತದ ಆಕಾಶವನ್ನು ಬರಿದುಮಾಡಿತು; 2006ರಲ್ಲಿ ಪಶುಚಿಕಿತ್ಸೆಗೆ ಅದು ನಿಷಿದ್ಧವಾಯಿತಾದರೂ ರಾಮನಗರದ ರಾಮದೇವರ ಬೆಟ್ಟದ ರಣಹದ್ದುಧಾಮದಲ್ಲಿ ಇಂದು ಎಣಿಸುವುದಕ್ಕೆ ಕೈಬೆರಳುಗಳು ಸಾಕು.

ಉರಿಯೂತವೇ ಹೃದಯಾಘಾತದ ಮೂಲವೆನ್ನುವವರು ಸಾಮಾನ್ಯವಾಗಿ 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ಮಹಾಪರೀಕ್ಷೆಯನ್ನು ಮುಂದಿಡುತ್ತಾರೆ. ಹಿಂದೆ ಹೃದಯಾಘಾತವಾಗಿ, ರಕ್ತದಲ್ಲಿ ಉರಿಯೂತದ ಸೂಚಕವು ಹೆಚ್ಚಾಗಿದ್ದ 10,000ಕ್ಕೂ ಮಿಕ್ಕ ಜನರಲ್ಲಿ, ಉರಿಯೂತದ ಒಂದು ದೂತನನ್ನು ಮಾತ್ರ ತಡೆಯುವ ಔಷಧವನ್ನು ಪರೀಕ್ಷಿಸಿ ನೋಡಿದರು. ಹೃದಯ ಮತ್ತು ರಕ್ತನಾಳಗಳ ಹೊಸ ಅವಘಡಗಳು ಸುಮಾರು ಶೇಕಡ 15ರಷ್ಟು ಇಳಿದದ್ದು ನಿಜ. ಇದನ್ನು ಎಲ್ಲರೂ ಹೇಳುತ್ತಾರೆ. ಮಾರಕ ಸೋಂಕುಗಳು ಏರಿದವು, ಒಟ್ಟು ಮರಣಗಳ ಸಂಖ್ಯೆಯಲ್ಲಿ ಗಣನೀಯವಾದ ವ್ಯತ್ಯಾಸವಾಗಲಿಲ್ಲ. ಇದನ್ನು ಯಾರೂ ಹೇಳುವುದಿಲ್ಲ. ಒಂದು ಕೈಯಿಂದ ಕೊಟ್ಟದ್ದನ್ನು ದೇಹವು ಇನ್ನೊಂದು ಕೈಯಿಂದ ಕಿತ್ತುಕೊಂಡಿತು. ಇಷ್ಟು ನಿಖರವಾದ ಬಾಣಕ್ಕೇ ಈ ಬೆಲೆ ತೆರಬೇಕಾಗಿರಲು, ಅಡುಗೆಮನೆಯ ಚಮಚದಿಂದ ಸಮಗ್ರ ಉರಿಯೂತವನ್ನು ಬೆಲೆಯಿಲ್ಲದೆ ಅಡಗಿಸುತ್ತೇವೆಂಬ ಭರವಸೆಯನ್ನು ಏನೆಂದು ಕರೆಯೋಣ?

ಚಮಚದ ಮಾತು ಬಂದುದರಿಂದ ಅರಿಸಿನವನ್ನು ಬಿಡುವಂತಿಲ್ಲ. ಚಾಮರಾಜನಗರದ ಹೊಲಗಳಲ್ಲಿ ಬೆಳೆಯುವ ಅರಿಸಿನದ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಗಾಯಕ್ಕೆ ಅರಿಸಿನ ಹಚ್ಚುವುದರ ಮೇಲೆ ಅಮೆರಿಕದ ಒಂದು ವಿಶ್ವವಿದ್ಯಾಲಯದವರು 1995ರಲ್ಲಿ ಪೇಟೆಂಟನ್ನು ಪಡೆದಾಗ, ನಮ್ಮ ವೈಜ್ಞಾನಿಕ ಸಂಶೋಧನ ಮಂಡಲಿಯವರು ಹಳೆಯ ಗ್ರಂಥಗಳನ್ನು ಮುಂದಿಟ್ಟು 1997ರಲ್ಲಿ ಅದನ್ನು ರದ್ದುಮಾಡಿಸಿದಾಗ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಆದರೆ ಗಾಯದ ಮೇಲೆ ಹಚ್ಚುವುದು ಬೇರೆ, ನುಂಗಿ ಮೈಯೆಲ್ಲದರ ಉರಿಯನ್ನು ಆರಿಸುವುದು ಬೇರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರಿಸಿನದ ಸತ್ವವಾದ ಕುರ್ಕುಮಿನ್ ಅನ್ನು 2 ಗ್ರಾಂ ನುಂಗಿದವರ ರಕ್ತದಲ್ಲಿ ಅದು ಕಾಣಿಸಿದ್ದು ಲೇಶಮಾತ್ರ, ಕೆಲವೊಮ್ಮೆ ಅದೂ ಇಲ್ಲ. ಮೆಣಸಿನ ಸಾರವನ್ನು ಸೇರಿಸಿದಾಗ 20 ಪಟ್ಟು ಹೆಚ್ಚಿತು, ಅದೂ ಅಲ್ಪಕಾಲ. ವರ್ತಕರು 20 ಪಟ್ಟನ್ನು ಡಬ್ಬಿಯ ಮೇಲೆ ಮುದ್ರಿಸಿದರು, ಲೇಶವನ್ನು ಬಿಟ್ಟರು. ಹಾಗೆ ಸಾಂದ್ರಗೊಳಿಸಿದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಪ್ರಸಂಗಗಳೂ ಈಗ ವರದಿಯಾಗಿವೆ.

ಈ ಹೊಸ ಪಥ್ಯದಲ್ಲಿ ನನಗೆ ವಿನೋದವಾಗಿ ತೋರುವುದು ಇನ್ನೊಂದು. ‘ಇನ್‌ಫ್ಲಮೇಟರಿ ಫುಡ್’ ಎಂದು ಇವರು ಬದನೆ, ಟೊಮೇಟೊಗಳ ಪಟ್ಟಿಯನ್ನು ಓದತೊಡಗಿದಾಗ ನನಗೆ ಕೇಳಿಸುವುದು ಅಜ್ಜಿಯ ‘ನಂಜಿನ ಪದಾರ್ಥ’. ಬದನೆಕಾಯಿ ನಂಜೆಂಬುದಕ್ಕೆ ಅಜ್ಜಿಯ ಬಳಿ ಪ್ರಮಾಣವಿರಲಿಲ್ಲ, ಇವರ ಬಳಿಯೂ ಹೇಳಿಕೊಳ್ಳುವಂತಹುದಿಲ್ಲ. ಆದರೆ ಅಜ್ಜಿ ಗಾಯ ಮಾಯುವವರೆಗೆ ಮಾತ್ರ ನಂಜು ಬಿಡಿಸುತ್ತಿದ್ದಳು, ಮಾದ ಮೇಲೆ ತಾನೇ ಎಣ್ಣೆಗಾಯಿ ಮಾಡಿ ಬಡಿಸುತ್ತಿದ್ದಳು. ಇವರ ಪಥ್ಯಕ್ಕೆ ಅವಧಿಯೇ ಇಲ್ಲ, ಏಕೆಂದರೆ ಇವರ ಗಾಯಕ್ಕೆ ಸ್ಥಳವೇ ಇಲ್ಲ.

ಸ್ಥಳವಿಲ್ಲದ ಗಾಯಕ್ಕೆ ಒಂದು ಸಂಖ್ಯೆಯನ್ನು ಒದಗಿಸಿರುವುದು ಸಿ.ಆರ್.ಪಿ. ಎಂಬ ರಕ್ತಪರೀಕ್ಷೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯದ ರೋಗಿಗಳಲ್ಲಿ ಕಂಡ ಈ ಪ್ರೋಟೀನು ವೈದ್ಯನಿಗೆ ಬಹೂಪಯೋಗಿ. ಎಲ್ಲಿಯೋ ಏನೋ ನಡೆಯುತ್ತಿದೆಯೆಂದು ಅದು ಕೂಗಿ ಹೇಳುತ್ತದೆ, ಎಲ್ಲಿ ಮತ್ತು ಏನು ಎಂಬುದನ್ನು ಮಾತ್ರ ಹೇಳದು. ನೆಗಡಿಯಲ್ಲಿಯೂ ಏರುತ್ತದೆ, ಬೊಜ್ಜಿನಲ್ಲಿಯೂ ಏರುತ್ತದೆ. ನನ್ನ ಪರಿಚಿತರೊಬ್ಬರು, ನಿವೃತ್ತ ಗಣಿತದ ಮೇಷ್ಟರು, ರಿಯಾಯಿತಿ ದರದ ಆರೋಗ್ಯ ತಪಾಸಣೆಯೊಂದರಲ್ಲಿ ಈ ಸಂಖ್ಯೆಯು ಕೆಂಪು ಅಕ್ಷರದಲ್ಲಿ ಮುದ್ರಿತವಾಗಿ ಬಂದುದನ್ನು ಕಂಡು ಗಾಬರಿಗೊಂಡು, ಒಬ್ಬ ಆಹಾರತಜ್ಞರ ಸಲಹೆಯಂತೆ ಗೋಧಿಯನ್ನು ಬಿಟ್ಟರು, ಹಾಲನ್ನು ಬಿಟ್ಟರು, ಬದನೆಯನ್ನು ಬಿಟ್ಟರು, ಮೆಣಸು ಬೆರೆಸಿದ ಅರಿಸಿನದ ಗುಳಿಗೆಗಳನ್ನು ನಾಲ್ಕು ತಿಂಗಳು ನುಂಗಿದರು. ಸಂಖ್ಯೆ ಇಳಿಯಲಿಲ್ಲ, ಮೈ ಮಾತ್ರ ಇಳಿಯಿತು. ಎಡಗಡೆಯಲ್ಲಿ ಅಗಿಯುವುದನ್ನು ತಾವು ಎರಡು ವರ್ಷದಿಂದಲೇ ನಿಲ್ಲಿಸಿರುವುದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರೂ ಬಾಯಿ ತೆರೆಸಿ ನೋಡಿರಲಿಲ್ಲ. ಕಡೆಗೆ ದಂತವೈದ್ಯರು ದವಡೆಹಲ್ಲಿನ ಬೇರಿನಲ್ಲಿ ಕಟ್ಟಿದ್ದ ಕೀವನ್ನು ಕಂಡು ಹಲ್ಲನ್ನು ಕಿತ್ತ ಕೆಲವು ವಾರಗಳಲ್ಲಿ ಸಂಖ್ಯೆ ತಾನಾಗಿ ಕಪ್ಪು ಅಕ್ಷರಕ್ಕೆ ಇಳಿಯಿತು. ಗೋಧಿಯೂ ಹಾಲೂ ಮೇಷ್ಟರ ಮನೆಗೆ ಹಿಂದಿರುಗಿವೆ. ಬದನೆಕಾಯಿಯನ್ನು ಮಾತ್ರ ಅವರು ಇಂದಿಗೂ ಮುಟ್ಟರು.